ಅಜ್ಜಿಯ ಅಂಗೈ ಮತ್ತು 16 ಮಿಲಿಮೀಟರ್ ಬಲೂನು

ಆ ಮಗುವಿನ ಎದೆಯಲ್ಲಿ ಏನೋ ಇದೆ ಅಂತ ಮೊದಲು ಗೊತ್ತಾಗಿದ್ದು ಅವಳ ಅಜ್ಜಿಗೆ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವಾಗ, ಎದೆಯ ಎಡಗಡೆ ಮೇಲ್ಭಾಗದಲ್ಲಿ ಅಂಗೈಗೆ ಏನೋ ನಡುಗಿದ ಹಾಗೆ ಆಗುತ್ತಿತ್ತಂತೆ. "ಬೆಕ್ಕು ಮಡಿಲಲ್ಲಿ ಮಲಗಿದಾಗ ಗುರುಗುರು ಅನ್ನಲ್ವಾ ಡಾಕ್ಟರಮ್ಮಾ, ಥೇಟ್ ಹಂಗೇ" ಅಂದರು. ಸ್ಟೆತಸ್ಕೋಪ್ ತೆಗೆಯುವ ಮೊದಲು ಅವರು ತೋರಿಸಿದ ಜಾಗದಲ್ಲೇ ಕೈ ಇಟ್ಟೆ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ನಾವು ಇದನ್ನು ಥ್ರಿಲ್ ಅನ್ನುತ್ತೇವೆ. ಇಕ್ಕಟ್ಟಾದ ಜಾಗದಲ್ಲಿ ರಕ್ತ ರಭಸವಾಗಿ ನುಗ್ಗುವಾಗ ಆಗುವ ಕಂಪನ ಚರ್ಮದವರೆಗೂ ಬಂದು ಮುಟ್ಟುತ್ತದೆ.

ನಾನು ಮಕ್ಕಳ ಹೃದಯದ ಡಾಕ್ಟರು. ಬೆಂಗಳೂರಿನಲ್ಲಿ ಕಲಿತು, ಕೆಲವು ವರ್ಷ ಅಲ್ಲೇ ಕೆಲಸ ಮಾಡಿ, ಈಗ ಹಾಸನದಲ್ಲಿ ಇದ್ದೇನೆ. ಹೃದಯದ ವಾಲ್ವ್, ಅಂದರೆ ರಕ್ತ ಹಾಯುವ ಬಾಗಿಲು, ಕಿರಿದಾಗಿದ್ದರೆ ಎದೆ ತೆರೆಯದೆ, ರಕ್ತನಾಳದ ಮೂಲಕ ಪುಟ್ಟ ಬಲೂನು ಕಳಿಸಿ ಊದಿ ಬಿಡಿಸುತ್ತೇವೆ. ಇಂಥ ಬಲೂನು ಚಿಕಿತ್ಸೆಗಳಲ್ಲಿ ಸುಲಭವಾದವನ್ನು ಇಲ್ಲೇ ಮಾಡುತ್ತೇನೆ. ಕಷ್ಟದವನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಲ್ಲಿ ಮಾಡುತ್ತೇನೆ. ಯಾವುದು ಸುಲಭ, ಯಾವುದು ಕಷ್ಟ ಅಂತ ಮೊದಲೇ ತಿಳಿಯುವುದೇ ಈ ಕೆಲಸದ ಅರ್ಧ ಭಾಗ. ಉಳಿದರ್ಧ ಅಳತೆ. ಬಲೂನು ಊದುವುದು ಹತ್ತು ಸೆಕೆಂಡಿನ ಕೆಲಸ. ಅದಕ್ಕೆ ಮೊದಲು ಎಷ್ಟು ಸಲ, ಎಷ್ಟು ರೀತಿಯಲ್ಲಿ ಅಳೆದಿದ್ದೇವೆ ಅನ್ನುವುದರ ಮೇಲೆ ಆ ಮಗುವಿನ ಮುಂದಿನ ಐವತ್ತು ವರ್ಷ ನಿಂತಿರುತ್ತದೆ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಹುಡುಗಿಗೆ ನಾಲ್ಕು ವರ್ಷ, ತೂಕ 13 ಕಿಲೋ. ಸಕಲೇಶಪುರದ ಹಾನಬಾಳು ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ವಾಸ. ಅಪ್ಪ ತೋಟದ ಟ್ರ್ಯಾಕ್ಟರ್ ಓಡಿಸುತ್ತಾರೆ, ಮೋಟರು ಪೈಪಿನ ಕೆಲಸವೂ ಅವರದೇ. ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಾರೆ. ಮಗುವನ್ನು ನೋಡಿಕೊಳ್ಳುವುದು ಅಜ್ಜಿ. ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬಂದಿದ್ದ ಆರ್‌ಬಿಎಸ್‌ಕೆ ತಂಡದ ಡಾಕ್ಟರು ಎದೆಯಲ್ಲಿ ಶಬ್ದ ಕೇಳಿ ಚೀಟಿ ಬರೆದುಕೊಟ್ಟಿದ್ದರು. ಆರ್‌ಬಿಎಸ್‌ಕೆ ಅಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಲ್ಲಿ ಶುರುವಾಯಿತು. ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳು ಆ ಚೀಟಿ ಹಿಡಿದೇ ಬರುತ್ತಾರೆ. ಒಂದು ವ್ಯಾನು, ಒಂದು ತೂಕದ ಯಂತ್ರ, ಒಂದು ಸ್ಟೆತಸ್ಕೋಪ್ ಇಟ್ಟುಕೊಂಡು, ನೂರಾರು ಮಕ್ಕಳು ಗಲಾಟೆ ಮಾಡುವ ನಡುವೆ ಹೃದಯದ ಆ ಶಬ್ದವನ್ನು, ನಾವು ಮರ್ಮರ್ ಅನ್ನುವುದನ್ನು, ಹಿಡಿಯುವುದು ಸಣ್ಣ ಕೆಲಸವಲ್ಲ. ಅವರಿಗೆ ನಾನು ಋಣಿ.

ಆದರೆ ಚೀಟಿ ಬರೆದು ಆಗಲೇ ಏಳು ತಿಂಗಳಾಗಿತ್ತು. ನಡುವೆ ಬೇರೆ ಕಡೆ ತೋರಿಸಿದಾಗ "ಬೆಳೀತಾ ಬೆಳೀತಾ ಸರಿ ಹೋಗುತ್ತೆ" ಅಂದಿದ್ದರಂತೆ. ಆಮೇಲೆ ಕಾಫಿ ಕುಯ್ಲು ಶುರುವಾಯಿತು. ಕುಯ್ಲಿನಲ್ಲಿ ಒಂದು ದಿನ ಬಿಟ್ಟರೂ ಕೂಲಿ ಹೋಗುತ್ತದೆ. ಮಗು ಓಡಾಡಿಕೊಂಡಿತ್ತು, ಊಟ ಮಾಡುತ್ತಿತ್ತು. ಅವರನ್ನು ಹೇಗೆ ದೂರುವುದು? ಅವಳ ಹಾಗೆ ಪಲ್ಮನರಿ ವಾಲ್ವ್, ಅಂದರೆ ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ಬಾಗಿಲು, ಕಿರಿದಾದ ಮಕ್ಕಳು ಬಹಳ ಕಾಲ ಚೆನ್ನಾಗಿಯೇ ಕಾಣುತ್ತಾರೆ. ನೀಲಿಯಾಗುವುದಿಲ್ಲ, ತಲೆ ಸುತ್ತಿ ಬೀಳುವುದಿಲ್ಲ. ಹೃದಯದ ಬಲಗಡೆಯ ಕೆಳಕೋಣೆ ಮಾತ್ರ ದಿನವೂ ಎರಡಾಳಿನ ಕೆಲಸ ಮಾಡುತ್ತಾ ದಪ್ಪವಾಗುತ್ತಾ ಹೋಗುತ್ತದೆ. ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ.

ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದೆ. ಅಳುವ ಮಗುವಿಗೆ ಎಕೋ ಮಾಡಿದರೆ ಒತ್ತಡದ ಲೆಕ್ಕ ಜಾಸ್ತಿ ತೋರಿಸುತ್ತದೆ, ಹಾಗಾಗಿ ಅವಳು ನಿದ್ದೆ ಹೋಗುವವರೆಗೆ ಕಾದೆ. ಅಜ್ಜಿ ತೊಡೆ ಮೇಲೆ ಹಾಕಿಕೊಂಡು ತಟ್ಟಿದರು, ಮಲಗಿತು. ಪಲ್ಮನರಿ ವಾಲ್ವಿನ ಮೂರು ಎಸಳುಗಳು ಅಂಚಿನಲ್ಲಿ ಅಂಟಿಕೊಂಡಿದ್ದವು. ತೆರೆದಾಗ ಬಾಗಿಲಿನ ಹಾಗೆ ಪಕ್ಕಕ್ಕೆ ಸರಿಯುವ ಬದಲು ಗುಮ್ಮಟದ ಹಾಗೆ ಉಬ್ಬಿ, ನಡುವೆ ಒಂದು ಸಣ್ಣ ತೂತು ಮಾತ್ರ. ಗ್ರೇಡಿಯಂಟ್ 90.

ಗ್ರೇಡಿಯಂಟ್ ಅಂದರೇನು ಅಂತ ಅಪ್ಪನಿಗೆ ಹೇಳಬೇಕಿತ್ತು. ಅವರು ಬೇಸಿಗೆಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಜೆಟ್ ಹಾಕುವವರು. "ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಏನಾಗುತ್ತೆ?" ಅಂತ ಕೇಳಿದೆ. "ನೀರು ದೂರ ಚಿಮ್ಮುತ್ತೆ ಮೇಡಂ, ಇತ್ಲಾಗೆ ಮೋಟರಿಗೆ ಲೋಡು ಬೀಳುತ್ತೆ" ಅಂದರು. ಇಷ್ಟೇ ವಿಷಯ. ಹೆಬ್ಬೆರಳಿನ ಈ ಕಡೆಯ ಒತ್ತಡಕ್ಕೂ ಆ ಕಡೆಯ ಒತ್ತಡಕ್ಕೂ ಇರುವ ವ್ಯತ್ಯಾಸವೇ ಗ್ರೇಡಿಯಂಟ್. ಬಿ.ಪಿ. ಅಳೆಯುವ ಅದೇ ಪಾದರಸದ ಲೆಕ್ಕದಲ್ಲಿ ಅಳೆಯುತ್ತೇವೆ. ಮಾಮೂಲಿ ವಾಲ್ವಿನಲ್ಲಿ ಈ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಕೋದಲ್ಲಿ 60 ದಾಟಿದರೆ ಮಗು ಎಷ್ಟೇ ಚೆನ್ನಾಗಿ ಕಂಡರೂ ಬಲೂನು ಹಾಕಬೇಕು ಅನ್ನುವುದು ನಮ್ಮ ನಿಯಮ. 90 ಅಂದರೆ ಮೋಟರು ಸುಡುವ ಲೆಕ್ಕ. ಅಪ್ಪನಿಗೆ ತಕ್ಷಣ ಅರ್ಥವಾಯಿತು. ಮುಖ ಸಪ್ಪಗಾಯಿತು.

ಅಜ್ಜಿಯ ಭಯ ಬೇರೆ. "ಬಲೂನನ್ನ ಒಳಗೇ ಬಿಟ್ಟುಬಿಡ್ತೀರಾ? ಮುಂದೆ ಒಡೆದು ಹೋದ್ರೆ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಊರಲ್ಲಿ ಯಾರಿಗೋ ಸ್ಟೆಂಟ್ ಹಾಕಿರುತ್ತಾರೆ, ಅದು ಒಳಗೇ ಉಳಿಯುತ್ತದೆ ಅಂತ ಕೇಳಿರುತ್ತಾರೆ, ಎರಡೂ ಕಲಸಿಹೋಗುತ್ತದೆ. ಹಳೆಯ ಬಲೂನೊಂದನ್ನು ತೋರಿಸಲೆಂದೇ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ. ಉದ್ದನೆಯ ತೆಳು ನಳಿಗೆ, ಅದರ ತುದಿಯಲ್ಲಿ ಮೂರು ಸೆಂಟಿಮೀಟರಿನ ತೆಳು ಪ್ಲಾಸ್ಟಿಕ್ ಚೀಲ, ಕೊಡೆಯ ಹಾಗೆ ಮಡಚಿಕೊಂಡಿರುತ್ತದೆ. ಸಿರಿಂಜಿನಿಂದ ನೀರು ತುಂಬಿ ಉಬ್ಬಿಸಿ, ಮತ್ತೆ ಎಳೆದು ಕುಗ್ಗಿಸಿ ತೋರಿಸಿದೆ. "ಬಾಗಿಲು ಬಿಡಿಸಿ ಆಚೆ ಬಂದುಬಿಡುತ್ತೆ ಅಜ್ಜಿ, ಏನೂ ಒಳಗೆ ಉಳಿಯಲ್ಲ." ಅವರು ಆ ಚೀಲವನ್ನು ಬೆರಳಲ್ಲಿ ಒತ್ತಿ ನೋಡಿ, "ಇಷ್ಟೇನಾ" ಅಂದರು.

ಹಾಸನಾಂಬೆ ಬಾಗಿಲು ತೆಗೆದಾಗ ಹಣ್ಣುಕಾಯಿ ಮಾಡಿಸಿ ಆಮೇಲೆ ಮಾಡಿಸೋಣ ಅಂತ ಅಜ್ಜಿಗೆ ಆಸೆ ಇತ್ತು. ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ. ಆಗ ಇನ್ನೂ ಮಾರ್ಚ್. "ಮಗು ಚೆನ್ನಾಗಿ ಆದಮೇಲೆ ಅವಳನ್ನೇ ಕರೆದುಕೊಂಡು ಹೋಗಿ ಹರಕೆ ತೀರಿಸಿ" ಅಂದೆ. ಒಪ್ಪಿದರು. ಬಿಪಿಎಲ್ ಕಾರ್ಡ್ ಇದ್ದಿದ್ದರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಅರ್ಜಿ ಹಾಕಿದೆವು, ಮಂಜೂರಾಯಿತು. ತೋಟದ ಲೆಕ್ಕ ನೋಡುವ ರೈಟರು ಮುಂದೆ ನಿಂತು ಕಾಗದ ಪತ್ರ ಓಡಾಡಿಸಿದರು.

ಬಲೂನು ಬೆಂಗಳೂರಿನಿಂದ ಬರಬೇಕು. ರಕ್ತನಾಳದ ಮೂಲಕ ಹೃದಯದ ಚಿಕಿತ್ಸೆ ಮಾಡುವ ನಮ್ಮ ಕ್ಯಾಥ್ ಲ್ಯಾಬಿನಲ್ಲಿ ದಿನವೂ ನಡೆಯುವುದು ದೊಡ್ಡವರ ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿ. ಮಕ್ಕಳ ಸಾಮಾನು ಕಪಾಟಿನಲ್ಲಿ ಇರುವುದಿಲ್ಲ. ಎಕೋದಲ್ಲಿ ವಾಲ್ವಿನ ಬುಡದ ಉಂಗುರ 14 ಮಿಲಿಮೀಟರ್ ಬಂದಿತ್ತು. ಎಕೋ ಒಂದು ಮಿಲಿಮೀಟರ್ ಆಚೀಚೆ ಆಗಬಹುದು, ಅದಕ್ಕೆ 15, 16, 18 ಮೂರೂ ಅಳತೆಯ ಬಲೂನು ತರಿಸಿದೆ. ಉಪಯೋಗಿಸದೇ ಉಳಿದದ್ದು ವಾಪಸ್ ಹೋಗುತ್ತದೆ. ಹಾಗೆ ವಾಪಸ್ ತೆಗೆದುಕೊಳ್ಳಲು ಒಪ್ಪುವ ಡೀಲರನ್ನು ಹುಡುಕುವುದೂ ಊರಲ್ಲಿ ಕೆಲಸ ಮಾಡುವ ಡಾಕ್ಟರ ಪಾಡು.

ಆವತ್ತು ಬೆಳಿಗ್ಗೆ ಲ್ಯಾಬಿನ ಎ.ಸಿ. ಮೊದಲೇ ಆಫ್ ಮಾಡಿಸಿದ್ದೆ. 13 ಕಿಲೋದ ಮೈ ಬಹಳ ಬೇಗ ತಣ್ಣಗಾಗುತ್ತದೆ, ತಣ್ಣಗಾದ ಮಗುವಿನ ಹೃದಯದ ಬಡಿತ ನಿಧಾನವಾಗುತ್ತದೆ. ಸಲೈನ್ ಬೆಚ್ಚಗೆ ಮಾಡಿಟ್ಟಿದ್ದರು. ಅರಿವಳಿಕೆ ಡಾಕ್ಟರು ಮಗುವನ್ನು ಅಮ್ಮನ ತೋಳಿನಲ್ಲೇ ಮಂಪರು ಮಾಡಿ, ಆಮೇಲೆ ಒಳಗೆ ತಂದರು. ಇದು ನಮ್ಮಿಬ್ಬರ ಒಪ್ಪಂದ. ಅಮ್ಮನ ಕೈಯಿಂದ ಅಳುವ ಮಗುವನ್ನು ಕಿತ್ತುಕೊಂಡು ಬರುವುದಿಲ್ಲ.

ಬಲತೊಡೆಯ ಸಂದಿನಲ್ಲಿ ರಕ್ತನಾಳಕ್ಕೆ ಸೂಜಿ. ದೊಡ್ಡವರಿಗೆ ಆಂಜಿಯೋಗ್ರಾಂ ಮಾಡುವಾಗ ಅಪಧಮನಿಗೆ ಹೋಗುತ್ತಾರೆ. ಇಲ್ಲಿ ಬೇಕಾಗಿರುವುದು ಪಕ್ಕದಲ್ಲೇ ಇರುವ ಅಭಿಧಮನಿ, ಹೃದಯದ ಬಲಗಡೆಗೆ ನೇರವಾಗಿ ಹೋಗುವ ದಾರಿ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟೆವು, ಕಿಲೋಗೆ 100 ಯೂನಿಟ್. ಆಮೇಲೆ ತುದಿಯಲ್ಲಿ ಪುಟ್ಟ ಗಾಳಿಗುಳ್ಳೆ ಇರುವ ಕ್ಯಾಥೆಟರ್, ಅಂದರೆ ತೆಳು ನಳಿಗೆ. ಇದನ್ನು ಯಾಕೆ ಬಳಸುತ್ತೇನೆ ಅಂದರೆ, ಬಲಗಡೆಯ ಎರಡು ಕೋಣೆಗಳ ನಡುವೆ ಟ್ರೈಕಸ್ಪಿಡ್ ವಾಲ್ವ್ ಇದೆ. ಅದನ್ನು ಹಿಡಿದು ನಿಲ್ಲಿಸುವ ತೆಳು ದಾರಗಳಿವೆ. ಬಲೂನಿಗೆ ದಾರಿ ಮಾಡುವ ತೆಳು ವೈರನ್ನು ಬರೀ ಹಾಗೇ ತೂರಿಸಿದರೆ ಅದು ಆ ದಾರಗಳ ಸಂದಿಯಲ್ಲಿ ನುಸುಳಿಬಿಡಬಹುದು. ಆಮೇಲೆ ಅದೇ ದಾರಿಯಲ್ಲಿ ದೊಡ್ಡ ಬಲೂನು ಎಳೆದರೆ ದಾರ ಹರಿದುಹೋಗುತ್ತದೆ, ಒಂದು ವಾಲ್ವ್ ಸರಿ ಮಾಡಲು ಹೋಗಿ ಇನ್ನೊಂದನ್ನು ಕೆಡಿಸಿದ ಹಾಗೆ. ಗಾಳಿಗುಳ್ಳೆ ಆ ಸಂದಿಗಳಲ್ಲಿ ಹೋಗುವುದಿಲ್ಲ. ರಕ್ತದ ಜೊತೆ ತೇಲಿಕೊಂಡು ವಾಲ್ವಿನ ನಡುಮಧ್ಯದಲ್ಲಿ ದಾಟುತ್ತದೆ.

ಬಲಗಡೆಯ ಕೆಳಕೋಣೆಯ ಒತ್ತಡ 94. ತೋಳಿನ ಬಿ.ಪಿ. ಮೇಲಿನದು 88. ಇಡೀ ಮೈಗೆ ರಕ್ತ ನೂಕುವ ಎಡಗಡೆಗಿಂತ, ಪಕ್ಕದ ಶ್ವಾಸಕೋಶಕ್ಕೆ ನೂಕುವ ಬಲಗಡೆಯಲ್ಲಿ ಒತ್ತಡ ಜಾಸ್ತಿ. ಆಮೇಲೆ ವಾಲ್ವ್ ದಾಟಿ ಆ ಕಡೆ ಅಳೆದೆ, 20. ವ್ಯತ್ಯಾಸ 74. ಅರಿವಳಿಕೆಯಲ್ಲಿ ಇರುವುದರಿಂದ ಎಕೋದ 90ಕ್ಕಿಂತ ಕಡಿಮೆ ಬರುವುದು ಸಹಜ.

ಇನ್ನು ಅಳತೆ. ಕ್ಯಾಮೆರಾವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ, ಬಲಗಡೆಯ ಕೋಣೆಗೆ ಎಕ್ಸ್‌ರೇಯಲ್ಲಿ ಕಾಣುವ ಡೈ ಬಿಟ್ಟು ಚಿತ್ರ ತೆಗೆದೆವು. ಗುಮ್ಮಟದ ಹಾಗೆ ಉಬ್ಬಿದ ವಾಲ್ವು, ಅದರ ನಡುವಿಂದ ಹೊಗೆಯ ಎಳೆಯ ಹಾಗೆ ಚಿಮ್ಮುವ ಡೈ. ಎಸಳುಗಳು ಗೋಡೆಗೆ ಸೇರುವ ಎರಡು ಬಿಂದುಗಳ ನಡುವೆ ಅಳೆಯಬೇಕು. ಹೃದಯ ಹಿಂಡಿದ ಕ್ಷಣದ ಚಿತ್ರವನ್ನೇ ನಿಲ್ಲಿಸಿ ಅಳೆಯಬೇಕು. ನಾನು ಮೂರು ಸಲ ಅಳೆದೆ, ಟೆಕ್ನಿಷಿಯನ್ ಬೇರೆಯಾಗಿ ಒಂದು ಸಲ ಅಳೆದರು. 13 ಮಿಲಿಮೀಟರ್. ಎಕೋ ಹೇಳಿದ್ದಕ್ಕಿಂತ ಒಂದು ಕಡಿಮೆ. ಬಲೂನು ಉಂಗುರಕ್ಕಿಂತ ಸ್ವಲ್ಪವೇ ದೊಡ್ಡದಿರಬೇಕು. 13ಕ್ಕೆ 1.2 ಪಟ್ಟು ಅಂದರೆ 15.6. 1.25 ಪಟ್ಟು ಅಂದರೆ 16ರ ಸ್ವಲ್ಪ ಮೇಲೆ. 16ರ ಬಲೂನು ತೆಗೆಯಿರಿ ಅಂದೆ. ಪಕ್ಕದ ಟ್ರೇಯಲ್ಲಿ 18 ಇತ್ತು. ಅದರ ಪ್ಯಾಕೆಟ್ ಬಿಚ್ಚಲು ಬಿಡಲಿಲ್ಲ.

ಇಲ್ಲಿ ಒಂದು ಹಳೆಯ ವಿಷಯ ಹೇಳಲೇಬೇಕು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಡಾ. ಜೀನ್ ಕಾನ್ ಮತ್ತು ಜೊತೆಯವರು ಮಗುವಿನ ಪಲ್ಮನರಿ ವಾಲ್ವನ್ನು ಹೀಗೆ ಬಲೂನಿನಿಂದ ಬಿಡಿಸಿದ್ದನ್ನು ಪ್ರಕಟಿಸಿದ್ದು 1982ರಲ್ಲಿ. ಅಲ್ಲಿಯವರೆಗೆ ಎದೆ ತೆರೆದು ಮಾಡುವ ಆಪರೇಷನ್ನೇ ಗತಿ. ಆಮೇಲೆ ಬಹಳ ವರ್ಷ ಉಂಗುರದ 1.4 ಪಟ್ಟಿನವರೆಗೂ ಬಲೂನು ಹಾಕಬಹುದು ಅಂತ ಪುಸ್ತಕಗಳಲ್ಲೇ ಇತ್ತು. ವಾಲ್ವ್ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸ್ವಲ್ಪ ಲೀಕ್ ಆದರೆ ಏನೂ ತೊಂದರೆ ಇಲ್ಲ, ಮಕ್ಕಳು ತಡೆದುಕೊಳ್ಳುತ್ತಾರೆ ಅನ್ನುವ ನಂಬಿಕೆ. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಐದು ವರ್ಷದ ಒಂದು ಹುಡುಗಿಗೆ 14 ಮಿಲಿಮೀಟರಿನ ಉಂಗುರಕ್ಕೆ 20ರ ಬಲೂನು ಹಾಕಿದೆ. ಮೊದಲು ಹಾಕಿದ 17ರಲ್ಲೇ ಗ್ರೇಡಿಯಂಟ್ 25ಕ್ಕೆ ಇಳಿದಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇನ್ನೂ ಚೆನ್ನಾಗಿ ಆಗಲಿ ಅಂತ ದೊಡ್ಡದು ಹಾಕಿದೆ. ಗ್ರೇಡಿಯಂಟ್ 5 ಆಯಿತು. ಎಲ್ಲರೂ ಶಭಾಷ್ ಅಂದರು. ವಾಲ್ವ್ ಮಾತ್ರ ಮುಚ್ಚಿಕೊಳ್ಳುವುದನ್ನು ಮರೆತಿತ್ತು.

ಆ ಹುಡುಗಿಗೆ ಈಗ 21. ನರ್ಸಿಂಗ್ ಓದುತ್ತಿದ್ದಾಳೆ. ಪ್ರತಿ ವರ್ಷ ಬರುತ್ತಾಳೆ. ಮೇಲೆ ಹೋದ ರಕ್ತ ಪ್ರತಿ ಬಡಿತಕ್ಕೂ ಅರ್ಧಕ್ಕರ್ಧ ಹಿಂದಕ್ಕೆ ಬಂದು ಅವಳ ಬಲಗಡೆಯ ಕೋಣೆ ದೊಡ್ಡದಾಗುತ್ತಿದೆ. ಎಂಆರ್‌ಐ ಮಾಡಿಸಿ ಕೋಣೆ ಎಷ್ಟು ಹಿಗ್ಗಿದೆ ಅಂತ ಅಳೆಯುತ್ತಿದ್ದೇವೆ. ಇನ್ನು ಕೆಲವು ವರ್ಷಗಳಲ್ಲಿ ಹೊಸ ವಾಲ್ವ್ ಬೇಕಾಗಬಹುದು. ನಾನು ಅವಳಿಗೂ ಅವಳ ಅಪ್ಪ ಅಮ್ಮನಿಗೂ ಏನಾಯಿತು ಅಂತ ಬಿಡಿಸಿ ಹೇಳಿದ್ದೇನೆ, ದೊಡ್ಡ ಬಲೂನು ಹಾಕಿದ್ದು ನನ್ನ ನಿರ್ಧಾರ ಅಂತಲೂ ಹೇಳಿದ್ದೇನೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. 16 ಸಾಕು ಅಂತ ನನ್ನ ಕೈ ನಿಲ್ಲುವುದು ಅವಳಿಂದ.

ಮತ್ತೆ ನಮ್ಮ ಸಕಲೇಶಪುರದ ಪುಟ್ಟಿಗೆ ಬರುತ್ತೇನೆ. ವೈರಿನ ತುದಿ ಎಡ ಶ್ವಾಸಕೋಶದ ನಾಳದಲ್ಲಿ ಗಟ್ಟಿಯಾಗಿ ಕೂತಿತ್ತು. ಬಲೂನಿನ ಒಳಗಿನ ಗಾಳಿ ಒಂದು ಗುಳ್ಳೆಯೂ ಉಳಿಯದ ಹಾಗೆ ತೆಗೆದೆವು. ಒಡೆದರೆ ಗಾಳಿ ರಕ್ತಕ್ಕೆ ಸೇರಬಾರದು. ಒಂದು ಪಾಲು ಡೈಗೆ ಮೂರು ಪಾಲು ಸಲೈನ್ ಬೆರೆಸಿ ಸಿರಿಂಜಿನಲ್ಲಿ ತುಂಬಿದೆವು. ಡೈ ಗಟ್ಟಿಯಿದ್ದರೆ ಬಲೂನು ಬೇಗ ಖಾಲಿಯಾಗುವುದಿಲ್ಲ. ಬಲೂನು ಉಬ್ಬಿದಷ್ಟು ಹೊತ್ತು ರಕ್ತ ಮುಂದಕ್ಕೆ ಹೋಗುವ ದಾರಿಯೇ ಬಂದ್. ಅದಕ್ಕೇ ಎಷ್ಟು ಬೇಗ ಉಬ್ಬುತ್ತದೋ ಅದಕ್ಕಿಂತ ಬೇಗ ಕುಗ್ಗಬೇಕು.

"ಎಲ್ಲರೂ ರೆಡೀನಾ?" ಅಂದೆ. ಅರಿವಳಿಕೆ ಡಾಕ್ಟರು ಹೂಂ ಅಂದರು. ಉಬ್ಬಿಸಿದೆ.

ಪರದೆ ಮೇಲೆ ಬಲೂನು ಎರಡೂ ತುದಿಯಲ್ಲಿ ದಪ್ಪವಾಗಿ, ನಡುವೆ ಬಿಗಿದುಕೊಂಡು ನಿಂತಿತು. ಬುಡುಬುಡಿಕೆಯವರ ಕೈಯಲ್ಲಿ ಇರುತ್ತಲ್ಲ, ಆ ಬುಡುಬುಡಿಕೆಯದ್ದೇ ಆಕಾರ. ಆ ಸಣ್ಣ ನಡುವೇ ವಾಲ್ವು. ಅದು ಬಲೂನಿನ ಸರಿಯಾಗಿ ಮಧ್ಯದಲ್ಲಿ ಇದೆಯಾ ಅಂತ ನೋಡಿಕೊಂಡು ಇನ್ನೊಂದು ಚೂರು ಒತ್ತಡ ಕೊಟ್ಟೆ. ಮಾನಿಟರಿನಲ್ಲಿ ಬಿ.ಪಿ. ಗೆರೆ ಇಳಿಯುತ್ತಾ ಹೋಯಿತು. 88 ಇದ್ದದ್ದು 60, 45. ಬಡಿತ ನಿಧಾನವಾಯಿತು. ಆಗ ನಡು ಪಟ್ಟನೆ ಬಿಟ್ಟುಕೊಂಡಿತು. ಬಲೂನು ನೇರ ಕೊಳವೆಯ ಹಾಗಾಯಿತು. ಸಿರಿಂಜಿನ ಮೇಲಿದ್ದ ನನ್ನ ಹೆಬ್ಬೆರಳಿಗೂ ಅದು ಗೊತ್ತಾಗುತ್ತದೆ, ಬಿಗಿ ಸಡಿಲವಾದ ಹಾಗೆ. ತಕ್ಷಣ ಎಳೆದು ಕುಗ್ಗಿಸಿದೆ. ಒಟ್ಟು ಎಂಟು ಸೆಕೆಂಡು. ಬಿ.ಪಿ. ಮೇಲೆ ಬಂತು. ಇನ್ನೊಂದು ಸಲ ಉಬ್ಬಿಸಿದಾಗ ನಡು ಕಾಣಿಸಲೇ ಇಲ್ಲ. ಎಸಳುಗಳು ಅಂಟಿಕೊಂಡಿದ್ದ ಹೊಲಿಗೆಯಲ್ಲೇ ಬಿಟ್ಟುಕೊಂಡಿದ್ದವು.

ಒತ್ತಡ ಅಳೆದೆ. ಬಲಗಡೆಯ ಕೋಣೆ 62. ವಾಲ್ವಿನ ಆ ಕಡೆ 22. ಇನ್ನೂ 40 ವ್ಯತ್ಯಾಸ!

ಹೊಸಬರಾದರೆ ಇಲ್ಲಿಯೇ 18ರ ಬಲೂನಿಗೆ ಕೈ ಹೋಗುತ್ತದೆ. ಆದರೆ 40 ಎಲ್ಲಿದೆ ಅಂತ ಮೊದಲು ನೋಡಬೇಕು. ಕ್ಯಾಥೆಟರನ್ನು ಆ ಕಡೆಯಿಂದ ಒಂದೊಂದೇ ಮಿಲಿಮೀಟರ್ ಹಿಂದಕ್ಕೆ ಎಳೆಯುತ್ತಾ ಒತ್ತಡದ ಗೆರೆ ನೋಡಿದೆ. ವಾಲ್ವಿನ ಆಚೆ 22. ವಾಲ್ವ್ ದಾಟಿ ಈಚೆ ಬಂದ ಕೂಡಲೇ 30. ಇನ್ನೂ ಒಂದೂವರೆ ಸೆಂಟಿಮೀಟರ್ ಹಿಂದೆ ಬಂದಾಗ 62. ಅಂದರೆ ವಾಲ್ವಿನಲ್ಲಿ ಉಳಿದದ್ದು ಬರೀ 8. ಮಿಕ್ಕ 32 ವಾಲ್ವಿನ ಕೆಳಗಿನ ಮಾಂಸದ ಓಣಿಯಲ್ಲಿ. ನಾಲ್ಕು ವರ್ಷ ಮುಚ್ಚಿದ ಬಾಗಿಲನ್ನು ನೂಕಿ ನೂಕಿ ಅಲ್ಲಿನ ಮಾಂಸ ದಪ್ಪಗಾಗಿದೆ. ಈಗ ಬಾಗಿಲು ಇದ್ದಕ್ಕಿದ್ದ ಹಾಗೆ ತೆರೆದಿದೆ. ಮಾಂಸಕ್ಕೆ ಅದು ಗೊತ್ತಿಲ್ಲ, ಹಳೆಯ ಬಲದಲ್ಲೇ ಹಿಂಡುತ್ತದೆ, ಓಣಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಬಲೂನು ಮದ್ದಲ್ಲ. ಸಾಕಷ್ಟು ಸಲೈನ್ ಕೊಟ್ಟು ಕೋಣೆ ತುಂಬಿರುವ ಹಾಗೆ ನೋಡಿಕೊಳ್ಳಬೇಕು, ಬಡಿತದ ರಭಸ ತಗ್ಗಿಸುವ ಔಷಧ ಕೊಡಬೇಕು, ಕಾಯಬೇಕು. ತಪ್ಪಿಯೂ ಹೃದಯ ಜೋರಾಗಿ ಬಡಿಯುವ ಔಷಧ ಕೊಡಬಾರದು. ಕೆಲವು ಮಕ್ಕಳಲ್ಲಿ ಈ ಓಣಿ ಪೂರ್ತಿ ಮುಚ್ಚಿಕೊಂಡು ಪ್ರಾಣಕ್ಕೇ ಬರುತ್ತದೆ. ನಮ್ಮ ಪುಟ್ಟಿಗೆ ಅಷ್ಟಾಗಲಿಲ್ಲ. ರಭಸ ತಗ್ಗಿಸುವ ಎಸ್ಮೊಲಾಲ್ ಕೊಟ್ಟು, ಸಲೈನ್ ಹಾಕಿ, ಇಪ್ಪತ್ತು ನಿಮಿಷ ನೋಡಿ, ತೊಡೆಯ ರಕ್ತನಾಳಕ್ಕೆ ಹಾಕಿದ್ದ ಕೊಳವೆ (ಶೀತ್) ತೆಗೆದು ತೊಡೆ ಒತ್ತಿ ಹಿಡಿದೆವು.

ಮಾರನೆಯ ದಿನ ಬೆಳಿಗ್ಗೆ ರೌಂಡ್ಸಿಗೆ ಹೋದರೆ ಅಜ್ಜಿ ಆಗಲೇ ಮಗುವಿನ ಎದೆ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಮೆಲ್ಲಗೆ, "ಕಮ್ಮಿ ಆಗೈತೆ. ಆದ್ರೆ ಪೂರ್ತಿ ಹೋಗಿಲ್ಲ ಕಣಮ್ಮಾ" ಅಂದರು. ಅಮ್ಮ ಅವರನ್ನು ಸುಮ್ಮನಿರಿಸಲು ನೋಡಿದರು. ನಾನು ಬೇಡ ಅಂದೆ. ಅವರು ಹೇಳಿದ್ದು ಸರಿ. ಎಕೋದಲ್ಲಿ 44 ಇತ್ತು. ಅವರ ಪಕ್ಕ ಕೂತು ಓಣಿಯ ವಿಷಯ ಹೇಳಿದೆ. ಬಡಿತದ ರಭಸ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಹೇಗೆ ಪುಡಿ ಮಾಡಿ ಕೊಡಬೇಕು, ಮಗು ಸರಿಯಾಗಿ ಉಣ್ಣದ ದಿನ ಕೊಡದೆ ಯಾಕೆ ನನಗೆ ಫೋನ್ ಮಾಡಬೇಕು ಅಂತ ಹೇಳಿದೆ. ಆ ಔಷಧದಲ್ಲಿ ಸಕ್ಕರೆ ಅಂಶ ಇಳಿಯುವ ಭಯ ಇರುತ್ತದೆ, ಹೊಟ್ಟೆ ಖಾಲಿ ಇರಬಾರದು. "ವಾರಕ್ಕೊಂದು ಸಲ ನೀರು ಹಾಕುವಾಗ ಕೈ ಇಟ್ಟು ನೋಡ್ತಾ ಇರಿ ಅಜ್ಜಿ" ಅಂದೆ. ಅದು ಸಮಾಧಾನದ ಮಾತಲ್ಲ. ನನಗೆ ನಿಜವಾಗಿ ಆ ವರದಿ ಬೇಕಿತ್ತು.

ಎಲ್ಲ ವಾಲ್ವೂ ಹೀಗೆ ಮಾತು ಕೇಳುವುದಿಲ್ಲ. ನೂನನ್ ಸಿಂಡ್ರೋಮ್ ಅನ್ನುವ ಹುಟ್ಟಿನ ತೊಂದರೆ ಇರುವ ಮಕ್ಕಳಲ್ಲಿ ಎಷ್ಟೋ ಸಲ ಎಸಳುಗಳು ಅಂಟಿಕೊಂಡಿರುವುದಿಲ್ಲ, ಅವೇ ದಪ್ಪ ದಪ್ಪಗೆ ಇರುತ್ತವೆ. ಬಿಡಿಸಲು ಹೊಲಿಗೆಯೇ ಇಲ್ಲ, ಬಲೂನು ಏನು ಮಾಡೀತು? ಅಂಥವರಿಗೆ ಆಪರೇಷನ್ ಬೇಕಾಗಬಹುದು ಅಂತ ಮೊದಲೇ ಹೇಳಿಬಿಡುತ್ತೇನೆ. ಮೈಗೆಲ್ಲ ರಕ್ತ ಹೋಗುವ ಅಯೋರ್ಟಿಕ್ ವಾಲ್ವನ್ನು ನಾನು ಹಾಸನದಲ್ಲಿ ಮುಟ್ಟುವುದಿಲ್ಲ. ಅಲ್ಲಿ ಬಲೂನು ಉಂಗುರಕ್ಕಿಂತ ಸ್ವಲ್ಪ ಸಣ್ಣದೇ ಇರಬೇಕು. ಊದುವ ಕ್ಷಣದಲ್ಲಿ ಬಲೂನು ಜಾರದಿರಲಿ ಅಂತ ವಿದ್ಯುತ್ತಿನಿಂದ ಬಡಿತ ನಡೆಸುವ ಪೇಸಿಂಗ್ ವೈರ್ ಹಾಕಿ ಹೃದಯವನ್ನು ನಿಮಿಷಕ್ಕೆ 200ರ ಆಸುಪಾಸು ಓಡಿಸಬೇಕು. ಲೀಕ್ ಜಾಸ್ತಿಯಾದರೆ ಆ ಗಳಿಗೆಯಲ್ಲೇ ಸರ್ಜನ್ ಬೇಕು. ಅದು ಬೆಂಗಳೂರಿನ ಕೆಲಸ.

ಹುಟ್ಟಿದ ಎರಡನೇ ದಿನಕ್ಕೇ ನೀಲಿಯಾಗಿ ಬರುವ ಕೂಸುಗಳೂ ಇವೆ. ಪಲ್ಮನರಿ ವಾಲ್ವಿನ ತೂತು ಸೂಜಿಮೊನೆಯಷ್ಟು. ತಾಯಿಯ ಹೊಟ್ಟೆಯಲ್ಲಿ ಇದ್ದಾಗಿನ ಒಂದು ಸಣ್ಣ ನಾಳ ಮುಚ್ಚದೆ ಇರುವಷ್ಟು ದಿನ ಬದುಕಿರುತ್ತವೆ. ಆ ನಾಳ ತೆರೆದೇ ಇರಲಿ ಅಂತ ಪ್ರೊಸ್ಟಾಗ್ಲಾಂಡಿನ್ ಡ್ರಿಪ್ ಹಾಕುತ್ತೇವೆ. ಆ ಔಷಧದಿಂದ ಉಸಿರು ನಿಲ್ಲಬಹುದು. ಅದಕ್ಕೇ ಆಂಬ್ಯುಲೆನ್ಸಿನಲ್ಲಿ ಜೊತೆಗೆ ಹೋಗುವವರ ಕೈಯಲ್ಲಿ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗು, ಮಾಸ್ಕು ಇರಲೇಬೇಕು. ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಉಸಿರು ನಿಂತ ಕೂಸಿಗೆ ಬೆಂಗಳೂರಿನ ತನಕ ಬ್ಯಾಗು ಒತ್ತಿಕೊಂಡೇ ಹೋದ ನರ್ಸೊಬ್ಬರು ನಮ್ಮಲ್ಲಿದ್ದಾರೆ. ಆ ಕೂಸು ಈಗ ಯುಕೆಜಿ.

ಇನ್ನೊಂದು ಬಗೆಯ ಇಕ್ಕಟ್ಟು ಹುಟ್ಟಿನಿಂದ ಬರುವುದಲ್ಲ. ತರೀಕೆರೆ ಕಡೆಯ 13 ವರ್ಷದ ಹುಡುಗ. ಶಾಲೆಯಿಂದ ಮುಳ್ಳಯ್ಯನಗಿರಿಗೆ ಹೋಗಿದ್ದಾಗ ಮೆಟ್ಟಿಲು ಹತ್ತಲಾಗದೆ ಅರ್ಧದಲ್ಲೇ ಕೂತನಂತೆ. ಎತ್ತರದ ಗಾಳಿಗೆ ಹೀಗಾಗಿದೆ ಅಂದುಕೊಂಡರು. ಆಮೇಲೆ ರಾತ್ರಿ ಮಲಗಿದರೆ ಕೆಮ್ಮು, ಎದ್ದು ಕೂರಬೇಕು. ಅವನಿಗೆ ರುಮಾಟಿಕ್ ಜ್ವರ ಬಂದು, ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಕಿರಿದಾಗಿತ್ತು. ಸ್ಟ್ರೆಪ್ಟೊಕಾಕಸ್ ಅನ್ನುವ ರೋಗಾಣುವಿನ ಗಂಟಲು ನೋವು, ಎರಡು ಮೂರು ವಾರ ಬಿಟ್ಟು ಜ್ವರ, ಮೊಣಕಾಲು ಮೊಣಕೈ ಕೀಲು ಊತ. ಕೀಲುನೋವು ಏನೂ ಉಳಿಸದೆ ಹೋಗುತ್ತದೆ, ಹೃದಯವನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಒಂಬತ್ತು ವರ್ಷದವನಿದ್ದಾಗಲೇ ಇದು ಗೊತ್ತಾಗಿ, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರು. ಒಂದು ವರ್ಷ ಹಾಕಿಸಿದರು. ಆಮೇಲೆ ಒಂದು ಕಡೆ ಅಲರ್ಜಿ ಭಯಕ್ಕೆ ಹಾಕುವುದಿಲ್ಲ ಅಂದರು, ಇನ್ನೊಂದು ಕಡೆ ಸ್ಟಾಕ್ ಇಲ್ಲ ಅಂದರು. ನಿಂತುಹೋಯಿತು. ನನಗೆ ತುಂಬಾ ಸಂಕಟವಾಗುವುದು ಇಂಥಲ್ಲಿ. ಕೆಲವೇ ರೂಪಾಯಿಯ ಇಂಜೆಕ್ಷನ್ ತಪ್ಪಿ ವಾಲ್ವ್ ಹೋಯಿತು.

ಅವನದನ್ನು ಬೆಂಗಳೂರಿನಲ್ಲಿ ಮಾಡಿದೆ. ಇದಕ್ಕೆ ಬಳಸುವ ಬಲೂನನ್ನು ಜಪಾನಿನ ಡಾ. ಕಾಂಜಿ ಇನೋವೆ ರೂಪಿಸಿ 1982ರಲ್ಲಿ ಮೊದಲು ಬಳಸಿದರು. ಬಲಗಡೆಯಿಂದ ಹೋಗಿ, ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಗೆ ಸೂಜಿಯಿಂದ ತೂತು ಮಾಡಿ ಎಡಗಡೆಗೆ ದಾಟಬೇಕು. ಈ ಬಲೂನಿನ ಅಳತೆಗೆ ಒಂದು ಸರಳ ಲೆಕ್ಕ ಇದೆ. ಎತ್ತರವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು ಹತ್ತರಿಂದ ಭಾಗಿಸಿ ಹತ್ತು ಸೇರಿಸಬೇಕು. ಹುಡುಗ 140 ಸೆಂಟಿಮೀಟರ್, ಅಂದರೆ 24. ಶುರು ಮಾಡಿದ್ದು 22ರಿಂದ. ಪ್ರತಿ ಸಲ ಊದಿದ ಮೇಲೂ ಎಕೋ ನೋಡಿ, ಲೀಕ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಒಂದೊಂದೇ ಮಿಲಿಮೀಟರ್ ಹೆಚ್ಚಿಸಬೇಕು. ಬಲೂನು ವಾಲ್ವ್ ದಾಟಲು ಹಟ ಮಾಡಿದಾಗ, ನಮ್ಮ ಹಾಸನ ಜಿಲ್ಲೆಯವರೇ ಆದ ಹೃದಯ ತಜ್ಞ ಡಾ. ಸಿ.ಎನ್. ಮಂಜುನಾಥ್ ರೂಪಿಸಿದ ವಿಧಾನದಂತೆ ವೈರ್ ಮೇಲೆ ದಾಟಿಸಿದೆವು. 23ಕ್ಕೆ ನಿಲ್ಲಿಸಿದೆ. ವಾಲ್ವಿನ ತೆರಪು 0.7 ಚದರ ಸೆಂಟಿಮೀಟರ್ ಇದ್ದದ್ದು 1.6 ಆಯಿತು. 24 ಬೇಕಾಗಲಿಲ್ಲ. ಆವತ್ತು ರಾತ್ರಿ ಅವನು ಒಂದೇ ದಿಂಬಿನ ಮೇಲೆ ಮಲಗಿ ನಿದ್ದೆ ಮಾಡಿದ. ಪೆನಿಸಿಲಿನ್ ಈಗ 21 ದಿನಕ್ಕೊಮ್ಮೆ ನಮ್ಮಲ್ಲೇ. ಅವನಿಗೆ ಕನಿಷ್ಠ 40 ವರ್ಷ ಆಗುವವರೆಗೆ ಬಿಡಬಾರದು ಅಂತ ಅವನ ಕೈಗೇ ಒಂದು ಪುಸ್ತಕ ಕೊಟ್ಟಿದ್ದೇನೆ. ದಿನಾಂಕ ಬರೆಯುವುದು ಅವನ ಕೆಲಸ, ಸಹಿ ಹಾಕುವುದು ನಮ್ಮ ಕೆಲಸ.

ಪುಟ್ಟಿ ಜೂನಿನಲ್ಲಿ ಬಂದಳು. ಹೊರಗೆ ಜೋರು ಮಳೆ. ಮೂವರೂ ಒಂದೇ ಛತ್ರಿಯಲ್ಲಿ ಬಂದು ಅರ್ಧ ನೆನೆದಿದ್ದರು. ತೂಕ ಒಂದು ಕಿಲೋ ಹೆಚ್ಚಾಗಿತ್ತು. ನಾನು ಎಕೋ ಮೆಷಿನ್ ಹತ್ತಿರ ಹೋಗದೆ ಅಜ್ಜಿಯನ್ನು ಕೇಳಿದೆ. "ಯುಗಾದಿ ಆಗಿ ಎರಡು ವಾರದ ತನಕ ಇತ್ತು. ಆಮೇಲೆ ಸಿಕ್ಕಿಲ್ಲ" ಅಂದರು. ಎಕೋದಲ್ಲಿ 16. ದಪ್ಪಗಿದ್ದ ಓಣಿ ಸಡಿಲವಾಗಿತ್ತು. ಲೀಕ್ ಸ್ವಲ್ಪ, ಬಣ್ಣದ ಒಂದು ತೆಳು ಎಳೆಯಷ್ಟು. ಪ್ರೊಪ್ರನೊಲಾಲ್ ನಿಲ್ಲಿಸಿದೆ. ಸ್ಟೆತಸ್ಕೋಪಿನಲ್ಲಿ ಮೆಲುವಾದ ಶಬ್ದ ಇನ್ನೂ ಇದೆ, ಅದು ಇರಬಹುದು, ಶಾಲೆಯ ತಪಾಸಣೆಯಲ್ಲಿ ಯಾರಾದರೂ ಕೇಳಿ ಹೆದರಿಸಿದರೆ ಈ ಕಾರ್ಡ್ ತೋರಿಸಿ ಅಂತ ಹೇಳಿ, ಕಾರ್ಡಿನಲ್ಲಿ ಉಂಗುರ 13, ಬಲೂನು 16, ಉಳಿದ ಗ್ರೇಡಿಯಂಟ್ 16, ಲೀಕ್ ಸ್ವಲ್ಪ ಅಂತ ಬರೆದೆ. ಕೆಳಗೆ, ವರ್ಷಕ್ಕೊಮ್ಮೆ ಎಕೋ, ಓಡಾಟಕ್ಕೆ ಆಟಕ್ಕೆ ಏನೂ ತಡೆ ಇಲ್ಲ. ಅಪ್ಪ ಅದನ್ನು ಎರಡು ಸಲ ಓದಿ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.